ಹಸು ಕಂದು ಹಾಕಿದ್ದಕ್ಕೂ ಹೃದಯದ ಕವಾಟಕ್ಕೂ ಏನು ಸಂಬಂಧ?

"ಯಜಮಾನ್ರೇ, ಮನೇಲಿ ದನ ಕಟ್ಟಿದ್ದೀರಾ?"

ನಮ್ಮ ಚಿಕ್ಕಪ್ಪನಿಗೆ ಈ ಪ್ರಶ್ನೆ ಕೇಳಿದ್ದು ನಾಲ್ಕನೇ ಡಾಕ್ಟರ್. ಅಷ್ಟರಲ್ಲಿ ಜ್ವರ ಶುರುವಾಗಿ ಮೂರೂವರೆ ತಿಂಗಳಾಗಿತ್ತು. ಸಂಜೆಯಾದರೆ ಮೈ ಬಿಸಿ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಹತ್ತು ದಿನ ಬರುತ್ತಿತ್ತು, ಒಂದು ವಾರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಮೊದಲು ಟೈಫಾಯ್ಡ್ ಅಂದರು, ಆಮೇಲೆ ವೈರಲ್ ಅಂದರು, ಸೊಂಟ ನೋವಿಗೆ "ವಯಸ್ಸಾಯ್ತಲ್ಲ" ಅಂದರು. ಕೊನೆಗೆ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂದು ಕಟ್ಟೆ ಮೇಲೆ ಕೂತುಬಿಟ್ಟಾಗ ತುಮಕೂರಿಗೆ ಕರೆದುಕೊಂಡು ಹೋದೆವು.

"ಇದಾವಲ್ಲ ಸ್ವಾಮಿ, ಮೂರು ಸೀಮೆ ಹಸ."

"ಯಾವುದಾದ್ರೂ ಈಚೆಗೆ ಕಂದು ಹಾಕಿತ್ತಾ?"

ಹಾಕಿತ್ತು, ಅಂದರೆ ದಿನ ತುಂಬುವ ಮೊದಲೇ ಗಬ್ಬ ಇಳಿದುಹೋಗಿತ್ತು. ಗಬ್ಬವಾಗಿ ಏಳು ತಿಂಗಳಿಗೆ. ರಾತ್ರಿ ಹನ್ನೊಂದು ಗಂಟೆಗೆ, ಕೊಟ್ಟಿಗೆಯ ಒಂದೇ ಬಲ್ಬಿನ ಬೆಳಕಿನಲ್ಲಿ, ಚಿಕ್ಕಪ್ಪನೇ ಬರಿಗೈ ಹಾಕಿ ಸತ್ತ ಕರುವನ್ನು ಎಳೆದಿದ್ದರು. ಬೀಳದೆ ನಿಂತ ಸತ್ತೆಯನ್ನೂ (ಕೆಲವು ಕಡೆ ಮಾಸು, ಕಸ ಅಂತಾರೆ) ಬಿಡಿಸಿ ತೆಗೆದಿದ್ದರು. ಹಿಂದಿನ ದಿನ ತಾನೇ ಸೀಮೆಹುಲ್ಲು ಕೊಯ್ದು ಕೈ ತುಂಬ ಗೀರಾಗಿತ್ತು. ಜ್ವರ ಬಂದಿದ್ದು ಅದಾಗಿ ಸುಮಾರು ಮೂರು ವಾರಕ್ಕೆ. ಎರಡನ್ನೂ ಒಂದಕ್ಕೊಂದು ಸೇರಿಸಿ ನೋಡಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆ ಡಾಕ್ಟರ್ ಅನುಮಾನ ಪಟ್ಟಿದ್ದು ಬ್ರುಸೆಲ್ಲೋಸಿಸ್. ಏದುಸಿರು ಬರುತ್ತಿದ್ದದ್ದು ಆ ಸೋಂಕು ಹೃದಯಕ್ಕೆ ಇಳಿದಿದ್ದರಿಂದ. ಈ ಹೆಸರನ್ನೇ ಕೇಳಿರದವರಿಗೆ, ಅಂದರೆ ಆರು ತಿಂಗಳ ಹಿಂದೆ ನಾನು ಇದ್ದ ಹಾಗೆ ಇರುವವರಿಗೆ, ಈ ಬರಹ. ಹಾಲು ಕಾಯಿಸಿದರೆ ಸತ್ವ ಹೋಗುತ್ತದೆ, ಹಸಿ ಹಾಲನ್ನೇ ಕುಡಿಯಿರಿ ಅನ್ನುವ ವಿಡಿಯೋಗಳು ಫೋನಿನಿಂದ ಫೋನಿಗೆ ಓಡಾಡುತ್ತಿರುವ ಈ ಹೊತ್ತಿನಲ್ಲಿ ದನ ಕಟ್ಟದ ಪೇಟೆಯವರಿಗೂ ಇದು ಬೇಕಾದ ವಿಷಯವೇ.

ಇದು ಯಾವ ರೋಗ?

ಬ್ರುಸೆಲ್ಲ ಅನ್ನುವುದು ಒಂದು ಬ್ಯಾಕ್ಟೀರಿಯ. ಅದರಲ್ಲಿ ಹಲವು ಜಾತಿ. ಹಸು ಎಮ್ಮೆಗಳಲ್ಲಿ ಹೆಚ್ಚಾಗಿ ಕಾಣುವುದು ಬ್ರುಸೆಲ್ಲ ಅಬಾರ್ಟಸ್. ಕುರಿ ಮೇಕೆಗಳಲ್ಲಿ ಇರುವುದು ಬ್ರುಸೆಲ್ಲ ಮೆಲಿಟೆನ್ಸಿಸ್, ಮನುಷ್ಯರನ್ನು ಜಾಸ್ತಿ ಕಾಡುವುದು ಇದೇ. ಹಂದಿಗೆ ಒಂದು, ನಾಯಿಗೆ ಒಂದು ಬೇರೆ ಇದೆ.

ದನಗಳಲ್ಲಿ ಇದು ಬಂದರೆ ಐದನೇ ತಿಂಗಳು ದಾಟಿದ ಮೇಲೆ ಗಬ್ಬ ನಿಲ್ಲುವುದಿಲ್ಲ, ಕಂದು ಹಾಕಿಬಿಡುತ್ತವೆ. ಅದಕ್ಕೇ ಕನ್ನಡದಲ್ಲಿ ಕಂದು ರೋಗ ಅನ್ನುವ ಹೆಸರು. ಇಲ್ಲೊಂದು ಮೋಸ ಇದೆ. ಹೆಚ್ಚಿನ ಹಸುಗಳು ಹೀಗೆ ಕಂದು ಹಾಕುವುದು ಒಂದೇ ಸಲ. ಮುಂದಿನ ಸಲ ದಿನ ತುಂಬಿ ಚೆನ್ನಾಗಿಯೇ ಕರು ಹಾಕುತ್ತವೆ, ಹಾಲು ಕೊಡುತ್ತವೆ, ನೋಡಲು ಗಟ್ಟಿಮುಟ್ಟಾಗಿರುತ್ತವೆ. ಮನೆಯವರು "ಏನೋ ಆವತ್ತು ದೃಷ್ಟಿಯಾಗಿತ್ತು" ಅಂತ ಮರೆಯುತ್ತಾರೆ. ಆದರೆ ಬ್ಯಾಕ್ಟೀರಿಯ ಕೆಚ್ಚಲಲ್ಲಿ ಹಾಗೇ ಕೂತಿರುತ್ತದೆ. ಹಾಲಿನಲ್ಲಿ ಬರುತ್ತದೆ, ಪ್ರತಿ ಸಲ ಕರು ಹಾಕುವಾಗ ಸತ್ತೆಯ ಜೊತೆ ಬರುತ್ತದೆ.

ಮಾಲ್ಟಾದ ಮೇಕೆಗಳು

ಆರೋಗ್ಯವಾಗಿ ಕಾಣುವ ಪ್ರಾಣಿಯೇ ರೋಗ ಕೊಡಬಹುದು ಅನ್ನುವುದು ಗೊತ್ತಾಗಿದ್ದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ. ಆಗ ಅದು ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಸಿಪಾಯಿಗಳಿಗೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು, ಕೆಲವರು ಸಾಯುತ್ತಿದ್ದರು. ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯರು ಸತ್ತ ಸಿಪಾಯಿಗಳ ಗುಲ್ಮದಿಂದ (ಸ್ಪ್ಲೀನ್) ಈ ಬ್ಯಾಕ್ಟೀರಿಯ ಬೇರ್ಪಡಿಸಿದರು. 1887ರಲ್ಲಿ ಆ ವಿಷಯ ಪ್ರಕಟವಾಯಿತು. ಬ್ರುಸೆಲ್ಲ ಅನ್ನುವ ಹೆಸರು ಅವರದ್ದೇ.

ಆದರೆ ಇದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಲು ಇನ್ನೂ 18 ವರ್ಷ ಹಿಡಿಯಿತು. ಗಾಳಿಯೋ, ನೀರೋ, ಸೊಳ್ಳೆಯೋ ಅಂತ ಹುಡುಕಿದ್ದಾಯಿತು. ಮಾಲ್ಟಾದಲ್ಲಿ ಆಗ ಮೇಕೆಗಳನ್ನು ಬೀದಿಯಲ್ಲಿ ಹೊಡೆದುಕೊಂಡು ಬಂದು ಮನೆ ಬಾಗಿಲಲ್ಲೇ ಹಾಲು ಕರೆದು ಕೊಡುವ ರೂಢಿ. ಇದಕ್ಕಿಂತ ತಾಜಾ ಹಾಲು ಎಲ್ಲಿ ಸಿಗುತ್ತದೆ ಹೇಳಿ! 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಆ ಮೇಕೆಗಳ ರಕ್ತ ಪರೀಕ್ಷೆ ಮಾಡಿದರು. ಒಂದು ಮೇಕೆಗೂ ಜ್ವರ ಇಲ್ಲ, ಸುಸ್ತಿಲ್ಲ, ಆದರೂ ಅನೇಕದರಲ್ಲಿ ಸೋಂಕು ಇತ್ತು. 1906ರಲ್ಲಿ ಸೇನೆಯವರು ಸಿಪಾಯಿಗಳಿಗೆ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದರು. ಸಿಪಾಯಿಗಳಲ್ಲಿ ಜ್ವರ ನೋಡ ನೋಡುತ್ತಿದ್ದ ಹಾಗೆ ಇಳಿದುಹೋಯಿತು.

ನಮ್ಮ ಕಡೆ ಹೇಗೆ ಬರುತ್ತದೆ?

ಕಾಯಿಸದ ಹಾಲು ಒಂದು ದಾರಿ. ನಮ್ಮಲ್ಲಿ ಹಾಲು ಉಕ್ಕಿಸದೆ ಕುಡಿಯುವವರು ಕಡಿಮೆ, ಅದು ನಮ್ಮ ಪುಣ್ಯ. ಹಾಲು ಉಕ್ಕಿ ಕುದಿ ಬಂದರೆ ಬ್ರುಸೆಲ್ಲ ಸಾಯುತ್ತದೆ. ಡೇರಿಯಲ್ಲಿ ಮಾಡುವ ಪಾಶ್ಚರೀಕರಣವೂ, ಅಂದರೆ 72 ಡಿಗ್ರಿಗೆ 15 ಸೆಕೆಂಡು ಬಿಸಿ ಮಾಡುವುದೂ, ಸಾಕಾಗುತ್ತದೆ. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿದ ಮೊಸರಿಗೆ, ಚೆನ್ನಾಗಿ ಬೇಯಿಸಿದ ಗಿಣ್ಣಿಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಕೆಚ್ಚಲಿನಿಂದ ನೇರ ಲೋಟಕ್ಕೆ ಕರೆದು ಕುಡಿಯುವ ನೊರೆ ಹಾಲಿಗೆ. ಅದನ್ನು ಕುಡಿದರೆ ಮೈಗೆ ಕಸುವು ಬರುತ್ತದೆ ಅಂತ ನಮ್ಮ ತಾತನೂ ನಂಬಿದ್ದರು. ಕುರಿ ಮೇಯಿಸುವವರು ಹಟ್ಟಿಯಿಂದ ದೂರ ಇರುವಾಗ ಹಸಿ ಹಾಲು ಕುಡಿಯುವುದೂ ಉಂಟು.

ಆದರೆ ದನ ಸಾಕುವ ಮನೆಗಳಲ್ಲಿ ಹಾಲಿಗಿಂತ ದೊಡ್ಡ ದಾರಿ ಕೈ. ಕಂದು ಹಾಕಿದಾಗ ಬೀಳುವ ಕರು, ಸತ್ತೆ, ನೀರು ಇವುಗಳಲ್ಲಿ ಬ್ಯಾಕ್ಟೀರಿಯ ಕೋಟಿಗಟ್ಟಲೆ ಇರುತ್ತದೆ. ಚರ್ಮದ ಮೇಲೆ ಒಂದು ಸಣ್ಣ ಗೀರು ಸಾಕು ಅದಕ್ಕೆ. ಕಣ್ಣಿಗೆ ಹಾರಿದರೂ ಒಳಗೆ ಹೋಗುತ್ತದೆ, ಕೊಟ್ಟಿಗೆ ಗುಡಿಸುವಾಗ ಏಳುವ ಧೂಳಿನ ಜೊತೆ ಉಸಿರಿಗೂ ಹೋಗಬಹುದು. ಪಶುವೈದ್ಯರು, ಕಸಾಯಿಖಾನೆಯಲ್ಲಿ ಕೆಲಸ ಮಾಡುವವರು, ಲ್ಯಾಬಿನವರು ಇವರಿಗೆಲ್ಲ ಇದು ಕೆಲಸದ ಜೊತೆ ಬರುವ ಅಪಾಯ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಅಂಟುವುದು ಮಾತ್ರ ತೀರಾ ಅಪರೂಪ. ಹಾಗಾಗಿ ರೋಗಿಯ ತಟ್ಟೆ ಲೋಟ ಬೇರೆ ಇಡುವುದೆಲ್ಲ ಬೇಡ. ನಮ್ಮ ಚಿಕ್ಕಮ್ಮ ಒಂದು ವಾರ ಇಟ್ಟಿದ್ದರು, ಪಾಪ.

ಇದು ಎಲ್ಲೋ ದೂರದ ರೋಗವೂ ಅಲ್ಲ. ಬಿಜಾಪುರದ, ಅಂದರೆ ಈಗಿನ ವಿಜಯಪುರದ ವೈದ್ಯರು 16 ವರ್ಷ ಕಾಲ 26,948 ವಯಸ್ಕರ ರಕ್ತವನ್ನು ಇದಕ್ಕಾಗಿ ಪರೀಕ್ಷಿಸಿ 495 ಜನರಲ್ಲಿ ರೋಗ ಪತ್ತೆ ಮಾಡಿದ್ದನ್ನು 2006ರಲ್ಲಿ ಪ್ರಕಟಿಸಿದ್ದಾರೆ. ಹುಡುಕಿದ್ದರಿಂದ ಸಿಕ್ಕಿತು. ಹುಡುಕದ ಕಡೆ ಅದು ಟೈಫಾಯ್ಡ್ ಅನ್ನುವ ಹೆಸರಲ್ಲಿ ಓಡಾಡುತ್ತಿರುತ್ತದೆ.

ಠಾಣೆಯಲ್ಲೇ ಬಾಡಿಗೆಗೆ ಇರುವ ಕಳ್ಳ

ಮೈಯೊಳಗೆ ಬ್ಯಾಕ್ಟೀರಿಯ ಬಂದರೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ಅದನ್ನು ನುಂಗಿ ಅರಗಿಸುತ್ತವೆ. ಕಳ್ಳನನ್ನು ಪೊಲೀಸರು ಹಿಡಿದು ಠಾಣೆಗೆ ಎಳೆದುಕೊಂಡು ಹೋದ ಹಾಗೆ. ಬ್ರುಸೆಲ್ಲ ಮಾತ್ರ ನುಂಗಿಸಿಕೊಂಡ ಮೇಲೂ ಸಾಯುವುದಿಲ್ಲ. ನುಂಗಿದ ಕಣದ ಒಳಗೇ ಒಂದು ಮೂಲೆ ಹಿಡಿದು, ಅಲ್ಲೇ ಮರಿ ಹಾಕಿ ಹೆಚ್ಚುತ್ತದೆ. ಕಳ್ಳ ಠಾಣೆಯಲ್ಲೇ ಬಾಡಿಗೆಗೆ ಇದ್ದರೆ ಹೊರಗೆ ಎಷ್ಟು ಗಸ್ತು ತಿರುಗಿದರೆ ಏನು ಬಂತು?

ಆ ಕಣಗಳ ಜೊತೆ ಸವಾರಿ ಮಾಡಿ ಅದು ಯಕೃತ್ತು, ಗುಲ್ಮ, ಮೂಳೆಯ ಮಜ್ಜೆ, ಬೆನ್ನುಮೂಳೆಯ ಕೀಲು, ಗಂಡಸರ ವೃಷಣ ಹೀಗೆ ಎಲ್ಲೆಂದರಲ್ಲಿ ತಲುಪುತ್ತದೆ. ಆಗಾಗ ಹೊರಗೆ ಬಂದಾಗ ಜ್ವರ, ಒಳಗೆ ಅಡಗಿದಾಗ ಆರಾಮ. ಅದಕ್ಕೇ ಈ ಜ್ವರ ಅಲೆಯ ಹಾಗೆ ಏಳುತ್ತ ಬೀಳುತ್ತ ಇರುವುದು. ಸೋಂಕು ತಗುಲಿದ ಒಂದು ವಾರಕ್ಕೂ ಶುರುವಾಗಬಹುದು, ಕೆಲವು ತಿಂಗಳ ನಂತರವೂ ಶುರುವಾಗಬಹುದು.

ಹೃದಯದಲ್ಲಿ ಏನಾಗುತ್ತದೆ?

ಬಾವಿಗೆ ಮೋಟಾರ್ ಇಟ್ಟವರಿಗೆ ಫುಟ್ ವಾಲ್ವ್ ಗೊತ್ತಿರುತ್ತದೆ. ಪೈಪಿನ ತಳದಲ್ಲಿ ಇರುವ ಸಣ್ಣ ಬಾಗಿಲು ಅದು. ನೀರು ಮೇಲೆ ಹೋಗುವಾಗ ತೆರೆಯುತ್ತದೆ, ಮೋಟಾರ್ ನಿಂತರೆ ಮುಚ್ಚಿಕೊಂಡು ನೀರು ಬಾವಿಗೆ ವಾಪಸ್ ಬೀಳದ ಹಾಗೆ ಹಿಡಿಯುತ್ತದೆ. ಅದರ ವಾಶರಿಗೆ ಒಂದು ಕಲ್ಲಿನ ಚೂರು ಸಿಕ್ಕಿಕೊಂಡರೆ ನೀರೆಲ್ಲ ಕೆಳಗೆ ಇಳಿದುಬಿಡುತ್ತದೆ, ಮೋಟಾರ್ ಸುಮ್ನೆ ಗುಂಯ್‌ಗುಡುತ್ತದೆ.

ಹೃದಯದಲ್ಲಿ ಇಂಥ ಬಾಗಿಲುಗಳು ನಾಲ್ಕಿವೆ, ಅವೇ ಕವಾಟಗಳು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ಬ್ರುಸೆಲ್ಲ ಹೆಚ್ಚಾಗಿ ಹಿಡಿಯುವುದು ಮಹಾಧಮನಿಯ ಕವಾಟವನ್ನು, ಡಾಕ್ಟರುಗಳು ಅಯಾರ್ಟಿಕ್ ವಾಲ್ವ್ ಅನ್ನುವುದು ಅದನ್ನೇ. ಹೃದಯದಿಂದ ಇಡೀ ಮೈಗೆ ರಕ್ತ ಹೊರಡುವ ಬಾಗಿಲು ಅದು.

ಕವಾಟವೇ ಯಾಕೆ ಬೇಕು ಈ ಬ್ಯಾಕ್ಟೀರಿಯಕ್ಕೆ? ಕವಾಟದ ಎಸಳುಗಳು ತೆಳ್ಳಗೆ, ಅವುಗಳ ಒಳಗೆ ರಕ್ತನಾಳಗಳು ಇಲ್ಲ ಅನ್ನುವಷ್ಟು ಕಡಿಮೆ. ರಕ್ತ ಪಕ್ಕದಲ್ಲೇ ರಭಸವಾಗಿ ಹರಿಯುತ್ತಿದ್ದರೂ ಎಸಳಿನ ಒಳಕ್ಕೆ ರಕ್ಷಕ ಕಣಗಳು ಸರಿಯಾಗಿ ಬರುವುದಿಲ್ಲ, ಔಷಧಿಯೂ ಕಷ್ಟಪಟ್ಟೇ ಸೇರಬೇಕು. ಎಸಳಿನ ಮೇಲ್ಮೈ ಎಲ್ಲಾದರೂ ಒರಟಾಗಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಅಂಟಿಕೊಳ್ಳುತ್ತವೆ. ಆ ಅಂಟಿನ ಮೇಲೆ ಬ್ಯಾಕ್ಟೀರಿಯ ಕೂರುತ್ತದೆ, ಅದರ ಮೇಲೆ ಇನ್ನೊಂದು ಪದರ ಹೆಪ್ಪು ಕಟ್ಟುತ್ತದೆ. ಹೀಗೆ ಕಟ್ಟುತ್ತ ಕಟ್ಟುತ್ತ ಒಂದು ಮೆತ್ತನೆಯ ಗಂಟು ಬೆಳೆಯುತ್ತದೆ. ಒಳಗಿರುವ ಬ್ಯಾಕ್ಟೀರಿಯಕ್ಕೆ ಮೇಲಿನ ಪದರಗಳೇ ಕಂಬಳಿ.

ಒರಟು ಹೇಗೆ ಬಂದಿರುತ್ತದೆ ಅಂದರೆ, ನಮ್ಮ ದೇಶದಲ್ಲಿ ದೊಡ್ಡ ಕಾರಣ ಚಿಕ್ಕಂದಿನ ರುಮ್ಯಾಟಿಕ್ ಜ್ವರ. ಗಂಟಲು ನೋವಿನಿಂದ ಶುರುವಾಗಿ, ಕೀಲು ನೋವು ಕೊಟ್ಟು, ಹೋಗುವಾಗ ಕವಾಟಕ್ಕೆ ಗಾಯದ ಕಲೆ ಬಿಟ್ಟು ಹೋಗುತ್ತದೆ. ಹುಟ್ಟಿನಿಂದಲೇ ಕವಾಟದಲ್ಲಿ ದೋಷ ಇರುವವರು, ಮೊದಲೇ ಕೃತಕ ಕವಾಟ ಹಾಕಿಸಿಕೊಂಡವರು ಕೂಡ ಇದೇ ಸಾಲಿಗೆ. ಆದರೆ ಏನೂ ತೊಂದರೆ ಇಲ್ಲದ ಕವಾಟವನ್ನೂ ಬ್ರುಸೆಲ್ಲ ಹಿಡಿದದ್ದಿದೆ.

ಚಿಕ್ಕಪ್ಪನಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವಾಗ ನಾನು ಪಕ್ಕದಲ್ಲಿದ್ದೆ. ಕತ್ತಲೆ ಕೋಣೆ, ಎದೆಗೆ ತಣ್ಣನೆಯ ಜೆಲ್, ಬೂದು ಬಣ್ಣದ ಪರದೆ. ಎರಡು ತೆಳು ಗೆರೆಗಳು ತೆರೆದು ಮುಚ್ಚುತ್ತಿದ್ದವು. ಅವುಗಳಲ್ಲಿ ಒಂದರ ತುದಿಗೆ ತೋರಣದ ಹರಿದ ಎಲೆ ಸಿಕ್ಕಿಕೊಂಡ ಹಾಗೆ ಏನೋ ಒಂದು ಚೂರು, ಪ್ರತಿ ಬಡಿತಕ್ಕೂ ಪಟಪಟ ಅಂತ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ಹಾರುತ್ತಿತ್ತು. ಅದೇ ಆ ಗಂಟು. ಆಮೇಲೆ ಬಣ್ಣದ ಗುಂಡಿ ಒತ್ತಿದರು. ಕವಾಟ ಮುಚ್ಚಿದ ಮೇಲೂ ರಕ್ತ ಬಣ್ಣಬಣ್ಣದ ಜ್ವಾಲೆಯ ಹಾಗೆ ವಾಪಸ್ ನುಗ್ಗುತ್ತಿದ್ದದ್ದು ಕಂಡಿತು.

ಇದರಿಂದ ಆಗುವ ತೊಂದರೆ ಒಂದೇ ರೀತಿಯದ್ದಲ್ಲ. ಕವಾಟ ಸೋರಿದರೆ ಹೊರಟ ರಕ್ತ ಹಿಂದಕ್ಕೆ ಬರುತ್ತದೆ, ಹೃದಯ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ದಣಿಯುತ್ತದೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸ್ವಲ್ಪ ವಾಸಿ, ಪಾದ ಊದಿಕೊಳ್ಳುತ್ತದೆ. ಇನ್ನು ಆ ಗಂಟಿನ ಚೂರು ಕಿತ್ತು ರಕ್ತದ ಜೊತೆ ಹೊರಟರೆ ಎಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೋ ಅಲ್ಲಿಗೆ ಕಷ್ಟ. ಮೆದುಳಿಗೆ ಹೋದರೆ ಪಾರ್ಶ್ವವಾಯು. ಬ್ರುಸೆಲ್ಲಕ್ಕೆ ಇನ್ನೊಂದು ಕೆಟ್ಟ ಗುಣ ಇದೆ, ಕವಾಟದ ಬುಡವನ್ನೇ ಕೊರೆದು ಅಲ್ಲಿ ಕೀವಿನ ಗೂಡು ಮಾಡುತ್ತದೆ. ಹೃದಯ ಬಡಿಯಲು ಸೂಚನೆ ಒಯ್ಯುವ ವಿದ್ಯುತ್ ದಾರಿ ಮಹಾಧಮನಿಯ ಕವಾಟದ ಪಕ್ಕದಲ್ಲೇ ಹಾದುಹೋಗುವುದರಿಂದ ಕೀವು ಅಲ್ಲಿಗೆ ಮುಟ್ಟಿದರೆ ಬಡಿತದ ತಾಳವೇ ತಪ್ಪುತ್ತದೆ. ಇಂಥ ರೋಗಿಗಳಿಗೆ ದಿನಾ ಇಸಿಜಿ ಮಾಡುವುದು ಅದಕ್ಕೇ. ಹೃದಯದ ಸ್ನಾಯು ಅಥವಾ ಅದರ ಹೊದಿಕೆ ಊದಿಕೊಳ್ಳುವುದೂ ಉಂಟು, ಆದರೆ ಅದು ಇನ್ನೂ ಅಪರೂಪ.

ಅಷ್ಟಕ್ಕೂ, ಗಾಬರಿ ಬೇಡ. ಬ್ರುಸೆಲ್ಲೋಸಿಸ್ ಬಂದ ನೂರು ಜನರಲ್ಲಿ ಹೃದಯದವರೆಗೆ ಹೋಗುವುದು ಒಬ್ಬರಿಗೋ ಇಬ್ಬರಿಗೋ. ಇದು ಸಾಮಾನ್ಯವಾಗಿ ಕೊಲ್ಲುವ ರೋಗವೇ ಅಲ್ಲ. ಆದರೆ ಇದರಿಂದ ಸತ್ತ ಕೆಲವರಲ್ಲಿ ಹೆಚ್ಚಿನವರು ಸತ್ತದ್ದು ಹೃದಯದ ಕಾರಣಕ್ಕೇ.

ಪ್ರಾಣಿಗಳಿಂದ ಬಂದು ಕವಾಟ ಹಿಡಿಯುವುದು ಬ್ರುಸೆಲ್ಲ ಒಂದೇ ಅಲ್ಲ. ಕುರಿ, ಮೇಕೆ, ದನಗಳಿಂದಲೇ ಬರುವ ಕ್ಯೂ ಜ್ವರ ಕೂಡ ಹೀಗೇ ಕವಾಟದಲ್ಲಿ ವರ್ಷಗಟ್ಟಲೆ ಅಡಗುತ್ತದೆ. ಬೆಕ್ಕಿನ ಪರಚಿನಿಂದ ಬರುವ ಬಾರ್ಟೊನೆಲ್ಲ ಅನ್ನುವ ಬ್ಯಾಕ್ಟೀರಿಯ ಇದೆ. ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಇಲಿ ಜ್ವರವಂತೂ ಕವಾಟಕ್ಕಿಂತ ಹೆಚ್ಚಾಗಿ ಹೃದಯದ ಸ್ನಾಯುವನ್ನೂ ಬಡಿತವನ್ನೂ ಕೆಡಿಸುತ್ತದೆ.

ಪತ್ತೆಯಾಗಲು ಯಾಕೆ ಇಷ್ಟು ತಡ?

ಜ್ವರ, ಬೆವರು, ಮೈಕೈ ನೋವು, ತೂಕ ಇಳಿಯುವುದು. ಈ ನಾಲ್ಕನ್ನು ಹೇಳಿದರೆ ಯಾವ ಡಾಕ್ಟರಿಗಾದರೂ ಮೊದಲು ನೆನಪಾಗುವುದು ಟೈಫಾಯ್ಡ್, ಮಲೇರಿಯ, ಕ್ಷಯ. ತಪ್ಪೇನಿಲ್ಲ, ನಮ್ಮಲ್ಲಿ ಅವೇ ಜಾಸ್ತಿ. ಇನ್ನೂ ಒಂದು ಗೋಜಲು ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಇವು ಬ್ರುಸೆಲ್ಲದ ಮೇಲೂ ಕೆಲಸ ಮಾಡುತ್ತವೆ. ಕ್ಷಯ ಅಂತ ತಿಳಿದು ಶುರುಮಾಡಿದ ಮಾತ್ರೆಗೆ ಜ್ವರ ಸ್ವಲ್ಪ ಇಳಿದರೆ, ನೋಡಿ ಕ್ಷಯವೇ ಇರಬೇಕು ಅಂತ ಎಲ್ಲರೂ ಸುಮ್ಮನಾಗಿಬಿಡಬಹುದು.

ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯ ಬೆಳೆಸುವ ಪರೀಕ್ಷೆಗೆ ಬ್ಲಡ್ ಕಲ್ಚರ್ ಅಂತಾರೆ. ಬೇರೆ ಬ್ಯಾಕ್ಟೀರಿಯಗಳು ಒಂದೆರಡು ದಿನದಲ್ಲಿ ಬೆಳೆದು ಕಾಣಿಸುತ್ತವೆ. ಬ್ರುಸೆಲ್ಲ ನಿಧಾನಸ್ಥ, ವಾರವೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು. ಐದು ದಿನಕ್ಕೆ ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬಂದುಬಿಟ್ಟರೆ ಅದು ತಪ್ಪಿಸಿಕೊಂಡ ಹಾಗೆಯೇ. ಇಂಥದ್ದೊಂದು ಅನುಮಾನ ಇದೆ ಅಂತ ಲ್ಯಾಬಿಗೆ ಮೊದಲೇ ತಿಳಿಸಬೇಕು. ಜಾಸ್ತಿ ದಿನ ಕಾಯಲಿ ಅನ್ನುವುದಕ್ಕಷ್ಟೇ ಅಲ್ಲ, ಬೆಳೆದ ಬ್ರುಸೆಲ್ಲವನ್ನು ಎಚ್ಚರವಿಲ್ಲದೆ ಮುಟ್ಟಿ ಲ್ಯಾಬಿನವರಿಗೇ ರೋಗ ಬಂದ ಉದಾಹರಣೆಗಳು ಬೇಕಾದಷ್ಟಿವೆ.

ಬೇಗ ಗೊತ್ತಾಗುವ ಪರೀಕ್ಷೆಯೂ ಇದೆ, ರೋಸ್ ಬೆಂಗಾಲ್. ರಕ್ತದ ತಿಳಿ ಒಂದು ಹನಿ, ಗುಲಾಬಿ ಬಣ್ಣ ಹಾಕಿದ ಸತ್ತ ಬ್ರುಸೆಲ್ಲದ ದ್ರವ ಒಂದು ಹನಿ, ಎರಡನ್ನೂ ಬಿಲ್ಲೆಯ ಮೇಲೆ ಕಲಸಿ ನಾಲ್ಕು ನಿಮಿಷ ಅಲ್ಲಾಡಿಸುತ್ತಾರೆ. ಸೋಂಕು ಇದ್ದರೆ ಒಡೆದ ಹಾಲಿನ ಹಾಗೆ ಕಾಳು ಕಾಳಾಗುತ್ತದೆ. ಆಮೇಲೆ ಅದನ್ನು ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ. ಹೃದಯಕ್ಕೆ ಎಕೋ. ಎದೆಯ ಮೇಲಿಂದ ಸರಿಯಾಗಿ ಕಾಣದಿದ್ದರೆ ಬಾಯಿಯ ಮೂಲಕ ಅನ್ನನಾಳಕ್ಕೆ ಕೊಳವೆ ಇಳಿಸಿ ನೋಡುತ್ತಾರೆ, ಅನ್ನನಾಳ ಹೃದಯದ ಬೆನ್ನಿಗೇ ಒರಗಿಕೊಂಡಿರುವುದರಿಂದ ಚಿತ್ರ ಇನ್ನೂ ಸ್ಪಷ್ಟ.

ಇಷ್ಟೆಲ್ಲ ಪರೀಕ್ಷೆ ಇದ್ದರೂ ಯಾವುದನ್ನು ಮಾಡಬೇಕು ಅಂತ ಹೊಳೆಯುವುದು ದನದ ವಿಷಯ ಗೊತ್ತಾದರೆ ಮಾತ್ರ. ಡಾಕ್ಟರ್ ಕೇಳದಿದ್ದರೂ ನಾವೇ ಹೇಳಬೇಕು: ದನ ಇವೆ, ಇಂಥ ತಿಂಗಳಲ್ಲಿ ಒಂದು ಕಂದು ಹಾಕಿತ್ತು, ನಾನೇ ಮುಟ್ಟಿದ್ದೆ, ಅಥವಾ ಹಸಿ ಹಾಲು ಕುಡಿದಿದ್ದೆ. ಅರ್ಧ ನಿಮಿಷದ ಮಾತು.

ಚಿಕಿತ್ಸೆ ಉದ್ದ, ಯಾಕೆ?

ಕಣದ ಒಳಗೆ ಅಡಗಿದ್ದನ್ನು ಕೊಲ್ಲಬೇಕಲ್ಲ, ಅದಕ್ಕೆ. ಹೃದಯಕ್ಕೆ ಹೋಗಿಲ್ಲದಿದ್ದರೂ ಎರಡು ಔಷಧಿ ಜೊತೆಯಾಗಿ ಬೇಕು. ಡಾಕ್ಸಿಸೈಕ್ಲಿನ್ ಆರು ವಾರ, ಅದರ ಜೊತೆಗೆ ರಿಫಾಂಪಿಸಿನ್ ಮಾತ್ರೆ ಅಷ್ಟೇ ದಿನ, ಇಲ್ಲವೇ ಶುರುವಿನ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಅಥವಾ ಒಂದು ವಾರದಷ್ಟು ಜೆಂಟಾಮೈಸಿನ್ ಇಂಜೆಕ್ಷನ್. ಒಂದೇ ಮಾತ್ರೆ ತಗೊಂಡರೆ, ಅಥವಾ ಹತ್ತು ದಿನಕ್ಕೆ ಜ್ವರ ಬಿಟ್ಟಿತು ಅಂತ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಔಷಧಿ ಬೇರೆ.

ಕವಾಟಕ್ಕೆ ಹೋಗಿದ್ದರೆ ಸಾಮಾನ್ಯವಾಗಿ ಮೂರು ಔಷಧಿ, ಅದೂ ತಿಂಗಳುಗಟ್ಟಲೆ. ಅನೇಕರಿಗೆ ಆಪರೇಷನ್ ಕೂಡ ಬೇಕಾಗುತ್ತದೆ, ಹಾಳಾದ ಕವಾಟ ತೆಗೆದು ಕೃತಕ ಕವಾಟ ಕೂರಿಸಲು. ಚಿಕ್ಕಪ್ಪನಿಗೂ ಅದೇ ಆಯಿತು. ಲೋಹದ ಕವಾಟ ಹಾಕಿದರೆ ರಕ್ತ ತೆಳುವಾಗಿಡುವ ಮಾತ್ರೆ ಜೀವನಪೂರ್ತಿ, ಅದು ಸರಿಯಾಗಿದೆಯಾ ಅಂತ ಆಗಾಗ ರಕ್ತ ಪರೀಕ್ಷೆ. ರಾತ್ರಿ ಮನೆಯೆಲ್ಲ ಸದ್ದಡಗಿದ ಮೇಲೆ ಅವರ ಎದೆಯಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳಿಸುತ್ತದೆ. ಚಿಕ್ಕಮ್ಮನಿಗೆ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ, ಈಗ ಕೇಳಿಸದಿದ್ದರೆ ಎಚ್ಚರವಾಗುತ್ತದಂತೆ.

ಕೊಟ್ಟಿಗೆಯಲ್ಲಿ ಏನು ಮಾಡುವುದು?

ಮನುಷ್ಯರಿಗೆ ಇದಕ್ಕೆ ಲಸಿಕೆ ಇಲ್ಲ. ಕರುಗಳಿಗೆ ಇದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕಿದರೆ ಸಾಕು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ರೋಗದ ಜೊತೆಗೆ ಇದನ್ನೂ ಸೇರಿಸಿ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದೆ, ಪಶು ಆಸ್ಪತ್ರೆಯವರು ಬಂದು ಲಸಿಕೆ ಹಾಕುತ್ತಾರೆ. ಅದು ಜೀವಂತ ಲಸಿಕೆ. ಹಾಕುವಾಗ ಕರು ಒದ್ದು ಸೂಜಿ ಕೈಗೆ ಚುಚ್ಚಿಕೊಂಡರೆ ಚುಚ್ಚಿಕೊಂಡವರಿಗೇ ರೋಗ ಬರಬಹುದು, ಹಾಗಾಗಿ ಕರುವನ್ನು ಗಟ್ಟಿಯಾಗಿ ಹಿಡಿದುಕೊಡುವುದು ನಮ್ಮ ಕೆಲಸ.

ಕಂದು ಹಾಕಿದಾಗ ಉದ್ದ ಕೈಗವಸು ಹಾಕಿಯೇ ಮುಟ್ಟಬೇಕು, ಗೀರು ಗಾಯ ಇದ್ದವರು ಬೇಡವೇ ಬೇಡ. ಸತ್ತ ಕರು, ಸತ್ತೆ, ನೆನೆದ ಹುಲ್ಲು ಎಲ್ಲವನ್ನೂ ನಾಯಿಗಳು ತೋಡದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಬೇಕು. ತಿಪ್ಪೆಗೆ ಎಸೆದರೆ, ಕೆರೆಗೆ ಬಿಟ್ಟರೆ ರೋಗ ಊರೆಲ್ಲ ಸುತ್ತುತ್ತದೆ. ಆಮೇಲೆ ಪಶುವೈದ್ಯರಿಗೆ ಹೇಳಿ ಉಳಿದ ದನಗಳನ್ನೂ ಪರೀಕ್ಷೆ ಮಾಡಿಸಬೇಕು. ಹಾಲಿನಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಸಣ್ಣ ಗಾಜಿನ ನಳಿಕೆಯಲ್ಲಿ ಹಾಲಿಗೆ ಬಣ್ಣದ ದ್ರವದ ಹನಿ ಹಾಕಿ ಇಡುತ್ತಾರೆ, ಸೋಂಕು ಇದ್ದರೆ ಮೇಲೆ ಕಟ್ಟುವ ಕೆನೆಯಲ್ಲಿ ನೀಲಿ ಉಂಗುರ ಮೂಡುತ್ತದೆ.

ನಮ್ಮ ಮನೆಯ ಮೂರರಲ್ಲಿ ಎರಡಕ್ಕೆ ಸೋಂಕು ಇತ್ತು. ಸೋಂಕು ಹತ್ತಿದ ದನಕ್ಕೆ ಔಷಧಿ ಕೊಟ್ಟು ವಾಸಿ ಮಾಡುವ ದಾರಿ ಇಲ್ಲ. ಸಂತೆಗೆ ಹೊಡೆದರೆ ಇನ್ನೊಬ್ಬರ ಕೊಟ್ಟಿಗೆಗೆ ರೋಗ ಮಾರಿದ ಹಾಗೆ, ಎಷ್ಟೋ ಕಡೆ ಆಗುತ್ತಿರುವುದೂ ಅದೇ. ಚಿಕ್ಕಪ್ಪ ಮಾರಲಿಲ್ಲ. ಆ ಎರಡನ್ನೂ ಹಿತ್ತಲ ಕಡೆ ಬೇರೆ ಗೊಂತಿನಲ್ಲಿ ಕಟ್ಟಿದ್ದಾರೆ, ಹಾಲು ಕರೆಯುವುದು ಕೊನೆಗೆ, ಪಾತ್ರೆ ಬೇರೆ. ಒಂದು ಮತ್ತೆ ಗಬ್ಬವಾಗಿದೆ, ಈ ಶ್ರಾವಣಕ್ಕೆ ದಿನ ತುಂಬುತ್ತದೆ. ಕೈಗವಸಿನ ಪೊಟ್ಟಣ ಕೊಟ್ಟಿಗೆಯ ಗೂಟಕ್ಕೆ ನೇತು ಹಾಕಿದೆ.